ಸೊನ್ನೆ ಹಾಕುವ ಮೊದಲು ಒಬ್ಬ ಮನುಷ್ಯ ನೋಡಲಿ: ಕುಲಪತಿಗಳಿಗೆ ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ನಾನು ನಿಮ್ಮ ವಿಶ್ವವಿದ್ಯಾಲಯದ ಮೂರನೇ ವರ್ಷದ ವಿದ್ಯಾರ್ಥಿನಿ. ಎರಡು ವರ್ಷ ಸುಮ್ಮನಿದ್ದೆ. ಈ ಸಲ ವಿಭಾಗಕ್ಕೆ ಅರ್ಜಿ ಕೊಟ್ಟೆ, ಪರೀಕ್ಷಾ ಕಚೇರಿಗೆ ಮೂರು ಮೇಲ್ ಹಾಕಿದೆ, ಎರಡು ಮಧ್ಯಾಹ್ನ ಅಲ್ಲಿನ ಬೆಂಚಿನ ಮೇಲೆ ಕೂತು ಕಾದೆ. ಎಲ್ಲರದ್ದೂ ಒಂದೇ ಮಾತು: "ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ, ನಾವೇನೂ ಮಾಡೋಕಾಗಲ್ಲಮ್ಮ." ಆ ಸಿಸ್ಟಮ್ ಅಂದರೆ ನಮ್ಮ ಉತ್ತರಗಳನ್ನು ಅಪ್‌ಲೋಡ್ ಮಾಡಿಸಿಕೊಂಡು ತಿದ್ದಿ ಅಂಕ ಕೊಡುವ ಆನ್‌ಲೈನ್ ಟೂಲ್. ಅದನ್ನು ತಂದವರು ನೀವು. ಅದಕ್ಕೇ ಎಲ್ಲರೂ ಓದುವ ಹಾಗೆ ನಿಮಗೇ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಆನ್‌ಲೈನ್ ಟೂಲ್‌ನಲ್ಲಿ ಯಾವ ವಿದ್ಯಾರ್ಥಿಗಾದರೂ ಸೊನ್ನೆ ಬಂದರೆ, ಅದು ಖಾಯಂ ಆಗುವ ಮೊದಲು ಒಬ್ಬ ಮೇಷ್ಟ್ರು ಪೂರ್ತಿ ಉತ್ತರ ಪತ್ರಿಕೆ ತೆರೆದು ನೋಡಲಿ.

ನನಗೆ ಆಗಿದ್ದು ಇಷ್ಟು. ಕಳೆದ ಸೆಮಿಸ್ಟರ್‌ನಲ್ಲಿ ಐದು ಪ್ರಶ್ನೆಗಳ ಅಸೈನ್‌ಮೆಂಟ್ ಇತ್ತು. ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ರಾತ್ರಿ ಹನ್ನೆರಡರೊಳಗೆ ಅಪ್‌ಲೋಡ್ ಮಾಡಬೇಕು. ನಾನು ಸಂಜೆ ಕೆಲಸಕ್ಕೆ ಹೋಗುತ್ತೇನೆ, ಮನೆ ಸೇರುವಾಗ ಹತ್ತು ದಾಟಿರುತ್ತದೆ. ಲ್ಯಾಪ್‌ಟಾಪ್ ಇಲ್ಲ, ಇರುವುದು ಗಾಜು ಒಡೆದ ಒಂದು ಫೋನ್. ಉತ್ತರ ಬರೆದಿದ್ದು ಒಂಬತ್ತು ಪುಟ. ಒಂದೊಂದನ್ನೇ ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಕೈ ನೆರಳು ಬೀಳದ ಹಾಗೆ ಫೋಟೋ ತೆಗೆದೆ. ಪಿಡಿಎಫ್ ಹೋಗುವಷ್ಟರಲ್ಲಿ 11:52 ಆಗಿತ್ತು. ಅಲ್ಲಿಗೆ ಮುಗಿಯಲಿಲ್ಲ. ಯಾವ ಪುಟ ಯಾವ ಪ್ರಶ್ನೆಯದು ಎಂದು ಒಂದೊಂದಾಗಿ ಜೋಡಿಸಬೇಕು. ಲ್ಯಾಪ್‌ಟಾಪ್ ಪರದೆಯಲ್ಲಿ ಅದು ಅರ್ಧ ನಿಮಿಷದ ಕೆಲಸ ಇರಬಹುದು. ನನ್ನ ಫೋನಿನಲ್ಲಿ ಒಂದೊಂದು ಪುಟ ಉಗುರಿನಷ್ಟು ಕಾಣುತ್ತಿತ್ತು, ಅದರಲ್ಲಿರುವ ಅಕ್ಷರ ಕಾಣುತ್ತಲೇ ಇರಲಿಲ್ಲ. ನಾಲ್ಕನೇ ಪ್ರಶ್ನೆಯ ಉತ್ತರ ಏಳನೇ ಪುಟದಲ್ಲಿತ್ತು. ನಾನು ಆರನೆಯದನ್ನು ಒತ್ತಿದೆ.

ಆ ಪ್ರಶ್ನೆಗೆ 12 ಅಂಕ. ನನಗೆ ಬಂದಿದ್ದು ಸೊನ್ನೆ. ಪಕ್ಕದಲ್ಲಿ "ಉತ್ತರ ಬರೆದಿಲ್ಲ" ಎಂಬ ಟಿಪ್ಪಣಿ. ಬರೆದಿದ್ದೆ ಸರ್. ಲೆಕ್ಕ ಹಂತಹಂತವಾಗಿ ಬಿಡಿಸಿ, ಕೊನೆಯ ಉತ್ತರಕ್ಕೆ ಸ್ಕೇಲ್ ಇಟ್ಟು ಚೌಕ ಹಾಕಿದ್ದೆ. ಅದೇ ಫೈಲ್‌ನಲ್ಲಿ, ತಿದ್ದುವವರು ನೋಡಿದ ಪುಟದ ಮುಂದಿನ ಪುಟದಲ್ಲೇ ಇತ್ತು. ಒಂದು ಕ್ಲಿಕ್ ಸಾಕಿತ್ತು.

ಮರುಪರಿಶೀಲನೆ ಕೇಳೋಣ ಎಂದು ಹೋದರೆ ಆ ಬಟನ್ನೇ ಇಲ್ಲ. ಅಂಕ ಬಿಟ್ಟಿದ್ದು ಶುಕ್ರವಾರ ರಾತ್ರಿ, ಕೇಳಿಕೊಳ್ಳುವ ಗಡುವು ಮುಗಿದಿದ್ದು ಭಾನುವಾರ ರಾತ್ರಿ. ನಾನು ನೋಡಿದ್ದು ಸೋಮವಾರ ಬೆಳಿಗ್ಗೆ. 48 ಗಂಟೆ! ಗಡುವು ಎಷ್ಟು ದಿನ ಎಂದು ಟೂಲ್‌ಗೆ ಹೇಳಿಕೊಡುವವರು ಮನುಷ್ಯರೇ ಅಲ್ವಾ? ಮರುಮೌಲ್ಯಮಾಪನ ವಿದ್ಯಾರ್ಥಿಯ ಹಕ್ಕು ಎಂದು ನಿಯಮದಲ್ಲೇ ಇದೆ, ನನಗಿಂತ ನಿಮಗೇ ಅದು ಚೆನ್ನಾಗಿ ಗೊತ್ತು. ಅದನ್ನು ಒಂದು ವಾರಾಂತ್ಯದಲ್ಲಿ ಮುಗಿಸಿಬಿಡಲು ಯಾರಿಗೆ ಅಧಿಕಾರ ಕೊಟ್ಟಿದ್ದೀರಿ?

ಮೂರು ಅಂಕದಲ್ಲಿ ಫೇಲ್ ಆದೆ. ಈಗ ಅದೇ ಕೋರ್ಸನ್ನು ಮತ್ತೆ ಮಾಡಬೇಕು, ಅಂದರೆ ಇನ್ನೊಂದು ವರ್ಷ ಕಾಯಬೇಕು, ಇನ್ನೊಂದು ಸಲ ಫೀಸ್ ಕಟ್ಟಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ.

ನನ್ನೊಬ್ಬಳದ್ದೇ ಆಗಿದ್ದರೆ ನನ್ನ ಕೈತಪ್ಪು ಎಂದುಕೊಂಡು ಸುಮ್ನೆ ಇರುತ್ತಿದ್ದೆ. ನನ್ನ ಗೆಳತಿಯ ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ಕೂಡ ಹೀಗೇ ಹೋಯಿತು. ಅಲ್ಲಿ ತಿದ್ದುವುದು ಮನುಷ್ಯರಲ್ಲ, ಆಟೋಗ್ರೇಡರ್ ಎಂಬ ಸಾಫ್ಟ್‌ವೇರ್. ಅದು ಕೋಡ್ ಓಡಿಸಿ, ಬಂದ ಉತ್ತರವನ್ನು ಮೊದಲೇ ಇಟ್ಟ ಉತ್ತರದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಅವಳ ಪ್ರತಿ ಸಾಲಿನ ಕೊನೆಯಲ್ಲೂ ಒಂದು ಸ್ಪೇಸ್ ಜಾಸ್ತಿ ಇತ್ತು. ಸಂಖ್ಯೆಗಳೆಲ್ಲ ಸರಿ, ಅಂಕ ಸೊನ್ನೆ. ಕೋಡನ್ನು ಹೇಗೆ ಪರೀಕ್ಷಿಸಿತು ಎಂಬುದನ್ನು ಮರೆಮಾಡಿ ಇಟ್ಟಿದ್ದರಿಂದ ಏನು ತಪ್ಪಾಗಿದೆ ಎಂದು ಅವಳಿಗೂ ಕಾಣಲಿಲ್ಲ. ಒಬ್ಬ ಮೇಷ್ಟ್ರು ನೋಡಿದ್ದರೆ ಬೈದು ಒಂದು ಅಂಕ ಕಳೆಯುತ್ತಿದ್ದರು, ಅಷ್ಟೇ.

ಟೂಲ್ ಬೇಡ ಅಂತ ನಾನು ಹೇಳುತ್ತಿಲ್ಲ. ನೂರಾರು ಪತ್ರಿಕೆ ತಿದ್ದುವ ಮೇಷ್ಟ್ರುಗಳ ಕಷ್ಟ ನನಗೂ ಅರ್ಥವಾಗುತ್ತದೆ. ಅದರಲ್ಲಿ ಒಳ್ಳೆಯದೂ ಇದೆ. ರೂಬ್ರಿಕ್‌ನ, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿಯ, ಒಂದು ಸಾಲು ಬದಲಾಯಿಸಿದರೆ, ಅದೇ ತಪ್ಪು ಮಾಡಿದ ಎಲ್ಲರ ಅಂಕವೂ ಒಟ್ಟಿಗೆ ಸರಿಹೋಗುತ್ತದೆ. ಯಾರ ಪತ್ರಿಕೆ ಎಂದು ಹೆಸರು ಮರೆಮಾಡಿ ತಿದ್ದಬಹುದು. ಸರಿಪಡಿಸುವುದು ಇಷ್ಟು ಸುಲಭ ಇರುವಾಗಲೂ ಸರಿಪಡಿಸುವುದಿಲ್ಲ ಎನ್ನುತ್ತಾರಲ್ಲ, ನನಗೆ ಹೊಟ್ಟೆ ಉರಿಯುವುದು ಅಲ್ಲಿ.

2020ರಲ್ಲಿ ಇಂಗ್ಲೆಂಡಿನಲ್ಲಿ ಏನಾಯಿತು ನೆನಪಿದೆಯಾ? ಕೋವಿಡ್‌ನಿಂದ ಪರೀಕ್ಷೆ ನಡೆಯಲಿಲ್ಲ, ಎ-ಲೆವೆಲ್ (ನಮ್ಮ ಪಿಯುಸಿ ತರಹದ್ದು) ಗ್ರೇಡ್‌ಗಳನ್ನು ಒಂದು ಲೆಕ್ಕಾಚಾರದ ಸೂತ್ರಕ್ಕೆ ಬಿಟ್ಟರು. ಮೇಷ್ಟ್ರುಗಳು ಕೊಟ್ಟಿದ್ದ ಗ್ರೇಡ್‌ಗಳಲ್ಲಿ ಶೇ 39ರಷ್ಟನ್ನು ಅದು ಇಳಿಸಿಬಿಟ್ಟಿತು. ಹುಡುಗರು ಬೀದಿಗಿಳಿದರು. ಆಗಸ್ಟ್ 13ಕ್ಕೆ ಫಲಿತಾಂಶ ಬಂತು, 17ಕ್ಕೆ ಸರ್ಕಾರ ಆ ಸೂತ್ರವನ್ನು ಕೈಬಿಟ್ಟು ಮೇಷ್ಟ್ರುಗಳ ಗ್ರೇಡನ್ನೇ ಒಪ್ಪಿಕೊಂಡಿತು. ಒಂದು ದೇಶ ನಾಲ್ಕು ದಿನದಲ್ಲಿ ತನ್ನ ತಪ್ಪು ತಿದ್ದಿಕೊಂಡಿತು. ನನ್ನ ಒಂದು ಪುಟ ನೋಡಲು ನಿಮ್ಮ ಕಚೇರಿಗೆ ನಾಲ್ಕು ತಿಂಗಳು ಸಾಲಲಿಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ, ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನಿನ 22ನೇ ವಿಧಿಯೂ, ಬದುಕಿನ ಮೇಲೆ ದೊಡ್ಡ ಪರಿಣಾಮ ಬೀರುವ ತೀರ್ಮಾನವನ್ನು ಬರೀ ಯಂತ್ರದ ಕೈಗೆ ಬಿಡಬಾರದು ಎಂಬ ಬಗ್ಗೆಯೇ ಇದೆ. ನಾನು ಕೇಳುವುದೂ ಅದನ್ನೇ.

ಮತ್ತೆ ಹೇಳುತ್ತೇನೆ. ಸೊನ್ನೆ ಬಂದರೆ ಒಬ್ಬ ಮನುಷ್ಯ ನೋಡಲಿ. ಮರುಪರಿಶೀಲನೆಯ ಗಡುವು ಕನಿಷ್ಠ 15 ದಿನ ಇರಲಿ. ಪುಟ ಜೋಡಿಸುವಾಗ ಕೈತಪ್ಪಿದರೆ ಅದಕ್ಕೆ ಉತ್ತರದ ಅಂಕ ಕಳೆಯಬೇಡಿ. ಇದಕ್ಕೆ ಹೊಸ ಸಮಿತಿ ಬೇಡ, ದುಡ್ಡೂ ಬೇಡ. ನಿಮ್ಮ ಸಹಿ ಇರುವ ಒಂದು ಸುತ್ತೋಲೆ ಸಾಕು.

ಮುಂದಿನ ವಾರ ಮತ್ತೆ ಅಸೈನ್‌ಮೆಂಟ್ ಇದೆ, ಅದೇ ಫೋನು, ಅದೇ ರಾತ್ರಿ ಹನ್ನೆರಡರ ಗಡುವು. ಅಷ್ಟರೊಳಗೆ ಆ ಸುತ್ತೋಲೆ ಹೊರಡಿಸಿ. ನನ್ನ ಏಳನೇ ಪುಟ ಇನ್ನೂ ನಿಮ್ಮ ಸಿಸ್ಟಮ್‌ನಲ್ಲೇ ಇದೆ. ಯಾರಾದರೂ ಒಬ್ಬರು ತೆರೆದು ನೋಡಲಿ ಸರ್.

ಇಂತಿ,
ನಿಮ್ಮ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ