ಫೈಲಿನ ಕೊನೆ ಕಾಣಲು ಒಂದೇ ಯಂತ್ರದ ಪರೀಕ್ಷೆ ಸಾಲದು

ಮಾನ್ಯ ಸಂಪಾದಕರೇ,

ಒಂದು ಫೈಲನ್ನು ಇನ್ನೊಂದಕ್ಕೆ ನಕಲು ಮಾಡುವ ಸಿ ಪ್ರೋಗ್ರಾಂ ಅನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬರೆಸುವುದು ವಾಡಿಕೆ. ಅದನ್ನು ಒಂದೇ ಯಂತ್ರದಲ್ಲಿ, ನಾಲ್ಕು ಸಾಲಿನ ಪಠ್ಯದ ಮೇಲೆ ಓಡಿಸಿ, ಔಟ್‌ಪುಟ್ ಬಂದೊಡನೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವ ಕ್ರಮ ಬದಲಾಗಬೇಕೆಂದು ಪಠ್ಯಕ್ರಮ ರೂಪಿಸುವವರಲ್ಲಿ ಕೋರುತ್ತೇನೆ.

ಫೈಲಿನ ಕೊನೆಯನ್ನು ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಅರಿಯುವುದಿಲ್ಲ. ಓದಿದ ಬೈಟನ್ನು (0ರಿಂದ 255ರವರೆಗಿನ ಒಂದು ಸಂಖ್ಯೆ) ಇಂಟ್ ಎಂಬ ದೊಡ್ಡ ಪೂರ್ಣಾಂಕ ಬಗೆಯ ಬದಲು ಚಾರ್ ಎಂಬ ಒಂದೇ ಬೈಟಿನ ಬಗೆಯಲ್ಲಿ ಇರಿಸಿಕೊಳ್ಳುವ ಪ್ರೋಗ್ರಾಂ, ಇಂಟೆಲ್ ಯಂತ್ರದ ಲಿನಕ್ಸ್‌ನಲ್ಲಿ 255 ಎಂಬ ಬೈಟ್ ಎದುರಾದರೆ ಅದನ್ನು ಫೈಲು ಮುಗಿಯಿತೆಂದು ಸೂಚಿಸುವ ಇಒಎಫ್‌ನ -1 ಎಂದೇ ತಿಳಿದು ನಿಂತುಬಿಡುತ್ತದೆ. ಚಾರ್‌ನಲ್ಲಿ ಋಣ ಸಂಖ್ಯೆಗೆ ಎಡೆಯಿಲ್ಲದ ಆರ್ಮ್ ಪ್ರೊಸೆಸರಿನ ಲಿನಕ್ಸ್‌ನಲ್ಲಾದರೋ ಅದೇ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಜೆಪೆಗ್ ಚಿತ್ರದ ಮೊದಲ ಬೈಟೇ 255 ಆದ್ದರಿಂದ ಇಂಟೆಲ್ ಯಂತ್ರದಲ್ಲಿ ಅದರ ನಕಲು ಖಾಲಿ ಫೈಲಾಗುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದ ಪಠ್ಯದಲ್ಲಿ, ಅದು ಕನ್ನಡದ್ದೇ ಆಗಿರಲಿ, 255 ಎಂದೂ ಬಾರದು. ಹಾಗಾಗಿ ಪಠ್ಯವನ್ನಷ್ಟೇ ಕೊಟ್ಟು ಪರೀಕ್ಷಿಸಿದರೆ ಈ ದೋಷ ಕಣ್ಣಿಗೆ ಬೀಳುವುದಿಲ್ಲ.

ವಿಂಡೋಸ್‌ನಲ್ಲಿ ತೊಡಕು ಬೇರೆ. 1970ರ ದಶಕದ ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆಯು ಫೈಲಿನ ಉದ್ದವನ್ನು 128 ಬೈಟ್‌ಗಳ ತುಂಡುಗಳ ಲೆಕ್ಕದಲ್ಲಷ್ಟೇ ಇಡುತ್ತಿದ್ದುದರಿಂದ, ಪಠ್ಯ ಎಲ್ಲಿ ಮುಗಿಯಿತೆಂದು ತಿಳಿಸಲು ಕಂಟ್ರೋಲ್-ಝಡ್, ಅಂದರೆ 26 ಎಂಬ ಬೈಟ್ ಬೇಕಾಗುತ್ತಿತ್ತು. ವಿಂಡೋಸ್‌ಗೂ ಮುಂಚಿನ ಡಾಸ್ ವ್ಯವಸ್ಥೆಯ ಮೂಲಕ ಬಂದ ಆ ರೂಢಿ, ಫೈಲನ್ನು ಪಠ್ಯವೆಂದೇ ಭಾವಿಸುವ ವಿಂಡೋಸ್‌ನ ಪಠ್ಯ ವಿಧಾನದ ಓದಿನಲ್ಲಿ ಇಂದಿಗೂ ಉಳಿದಿದೆ. ಪಿಎನ್‌ಜಿ ಚಿತ್ರದ ಏಳನೆಯ ಬೈಟ್ 26. ಬೈಟ್‌ಗಳನ್ನು ಇದ್ದಂತೆಯೇ ಓದುವ ಬೈನರಿ ವಿಧಾನದಲ್ಲಿ ತೆರೆಯದಿದ್ದರೆ ಓದು ಅಲ್ಲಿಗೇ ಮುಗಿಯುತ್ತದೆ. ಲಿನಕ್ಸ್‌ನಲ್ಲಿ ಎರಡು ವಿಧಾನಗಳಿಗೂ ವ್ಯತ್ಯಾಸವಿಲ್ಲವಾದ ಕಾರಣ ಅಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ತಿಳಿಯುವುದೇ ಇಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಒಂದು ಜೆಪೆಗ್, ಒಂದು ಪಿಎನ್‌ಜಿ, ಒಂದು ಖಾಲಿ ಫೈಲು, ಕೊನೆಯ ಸಾಲಿಗೆ ಎಂಟರ್ ಒತ್ತದೆ ಉಳಿಸಿದ ಒಂದು ಪಠ್ಯ ಇದ್ದರೆ ಸಾಕು. ವಿಂಡೋಸ್, ಲಿನಕ್ಸ್ ಎರಡರಲ್ಲೂ, ಸಾಧ್ಯವಿದ್ದಲ್ಲಿ ರಾಸ್ಪ್‌ಬೆರಿ ಪೈನಂಥ ಆರ್ಮ್ ಬೋರ್ಡ್‌ನಲ್ಲೂ ಪ್ರೋಗ್ರಾಂ ಓಡಿಸಿ, ಮೂಲವನ್ನೂ ನಕಲನ್ನೂ ಬೈಟ್ ಬೈಟಾಗಿ ಹೋಲಿಸಬೇಕು. ಕಣ್ಣಳತೆಯ ಹೋಲಿಕೆ ಖಂಡಿತ ಸಲ್ಲದು. ಪ್ರಾಯೋಗಿಕ ಪರೀಕ್ಷೆಗೆ ಬರುವ ಬಾಹ್ಯ ಪರೀಕ್ಷಕರು ಈ ನಾಲ್ಕು ಫೈಲುಗಳನ್ನು ಜೊತೆಗೆ ತಂದು, ಅವುಗಳ ಫಲಿತಾಂಶ ನೋಡಿದ ಮೇಲೆಯೇ ಅಂಕ ನೀಡುವಂತೆ ವಿಶ್ವವಿದ್ಯಾಲಯವು ಮುಂದಿನ ಸೆಮಿಸ್ಟರ್‌ಗೆ ಮುನ್ನ ಸೂಚನೆ ಹೊರಡಿಸಬೇಕು.

– ಒಬ್ಬ ತಂತ್ರಾಂಶ ಪರೀಕ್ಷಕಿ, ಬೆಂಗಳೂರು