ಕಾನೂನು ಬದಲಾದರೆ ನಮಗೂ ಒಂದು ಮಾತು ತಿಳಿಸಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರಗಳು.

ತುಮಕೂರಿನಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕವೊಂದನ್ನು ಹದಿನಾರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಸದ್ಯ 58 ಜನ ಕೆಲಸ ಮಾಡುತ್ತಿದ್ದಾರೆ, ಅವರಲ್ಲಿ 49 ಮಂದಿ ಹೆಂಗಸರು. ಸಂಬಳದ ಪಟ್ಟಿ ಬರೆಯುವವಳು, ಬಟ್ಟೆಯ ಲೆಕ್ಕ ಇಡುವವಳು, ಜಿಎಸ್‌ಟಿ ಕಟ್ಟುವವಳು, ಕರೆಂಟು ಹೋದರೆ ಫೋನು ಮಾಡುವವಳು, ಎಲ್ಲವೂ ನಾನೇ. ದೊಡ್ಡ ಕಂಪನಿಗಳಲ್ಲಿರುವಂತೆ ಕಾನೂನು ವಿಭಾಗವಾಗಲಿ ಎಚ್‌ಆರ್ ವಿಭಾಗವಾಗಲಿ ನನಗಿಲ್ಲ. ತಿಂಗಳಿಗೆ 6,500 ರೂಪಾಯಿ ಪಡೆಯುವ ಒಬ್ಬ ಕನ್ಸಲ್ಟೆಂಟ್ ಇದ್ದಾರೆ, ಅವರಿಗೂ ನನ್ನಂಥವರು ನಲವತ್ತು ಜನ.

ಕಾರ್ಮಿಕರಿಗೆ ಸೌಲಭ್ಯ ಕೊಡಬೇಡಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಮಾಲೀಕರು ಪತ್ರ ಬರೆದರೆ ಹಾಗೆಯೇ ಅರ್ಥ ಮಾಡಿಕೊಳ್ಳುವ ರೂಢಿ ಇದೆ. ನನ್ನ ಬೇಡಿಕೆ ಇಷ್ಟೇ: ಕಾನೂನು, ನಿಯಮ, ದರ, ನಮೂನೆ, ಯಾವುದು ಬದಲಾದರೂ ಅದನ್ನು ಒಂದೇ ಕಡೆ, ಕನ್ನಡದಲ್ಲಿ, ಯಾವ ದಿನದಿಂದ ಜಾರಿ ಎಂಬುದರ ಸಮೇತ ನಮಗೆ ತಿಳಿಸಿ.

ತಮಗೆ ಗೊತ್ತಿರುವುದನ್ನೇ ತಮಗೆ ಹೇಳುವುದು ಅಧಿಕಪ್ರಸಂಗವಾದೀತು. ಆದರೂ ಕಳೆದ ಎರಡು ವರ್ಷಗಳಲ್ಲಿ ನನ್ನ ಮೇಜಿಗೆ ಬಂದವುಗಳನ್ನು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಬರಬೇಕಾಗಿದ್ದು ಬಾರದೆ ಹೋದವುಗಳನ್ನು, ನೆನಪಿಸುತ್ತೇನೆ. 2024ರ ಜನವರಿಯಲ್ಲಿ ಗ್ರಾಚ್ಯುಟಿಗೆ, ಅಂದರೆ ಬಹುಕಾಲ ದುಡಿದವರು ಕೆಲಸ ಬಿಡುವಾಗ ಕೊಡುವ ಇಡುಗಂಟಿಗೆ, ಕಡ್ಡಾಯ ವಿಮೆಯ ನಿಯಮಗಳು ಬಂದವು. ಮೊದಲಿನಿಂದ ನಡೆಯುತ್ತಿರುವ ಸಂಸ್ಥೆಗಳಿಗೆ 60 ದಿನಗಳ ಗಡುವಿತ್ತು. ಆ ವಿಷಯ ನನಗೆ ತಿಳಿದದ್ದು ತಮ್ಮ ಇಲಾಖೆಯಿಂದಲ್ಲ, ಪಾಲಿಸಿ ಮಾರಲು ಬಂದ ವಿಮಾ ಏಜೆಂಟರೊಬ್ಬರಿಂದ, ಅದೂ ಗಡುವು ಮುಗಿಯಲು ಒಂಬತ್ತು ದಿನ ಉಳಿದಿದ್ದಾಗ. ಆ ಪುಣ್ಯಾತ್ಮರಿಗೆ ಕಮಿಷನ್ ಆಸೆ ಇಲ್ಲದೆ ಹೋಗಿದ್ದರೆ ನಾನು ಇವತ್ತಿಗೂ ತಪ್ಪಿತಸ್ಥಳಾಗಿಯೇ ಇರುತ್ತಿದ್ದೆನೇನೋ.

ಅದೇ ವರ್ಷದ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ, ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂದು, ಸಂಪುಟ ಒಪ್ಪಿಗೆ ಕೊಟ್ಟಿತು. ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ನನ್ನಲ್ಲಿರುವವರೆಲ್ಲ ಗುಬ್ಬಿ, ಕೊರಟಗೆರೆ ಕಡೆಯಿಂದ ಬಸ್ಸಿನಲ್ಲಿ ಬರುವವರೇ ಆದ್ದರಿಂದ ನನಗೇನೂ ತೊಂದರೆ ಇರಲಿಲ್ಲ. ಆದರೂ ಆ ಎರಡು ದಿನ ನಾನು ಎಲ್ಲರ ಆಧಾರ್ ಪ್ರತಿಗಳನ್ನು ತೆಗೆಸಿ, ಹುಟ್ಟಿದ ಊರು, ಓದಿದ ಶಾಲೆ ಬರೆಸಿ ಪಟ್ಟಿ ಮಾಡಿದೆ. ಆ ಪಟ್ಟಿ ಈಗಲೂ ಬೀರುವಿನಲ್ಲಿದೆ.

2025ರ ಜನವರಿಯಲ್ಲಿ ಕಾರ್ಮಿಕ ಕಲ್ಯಾಣ ನಿಧಿಯ ವಂತಿಗೆ ಬದಲಾಯಿತು. ಕಾರ್ಮಿಕರ ಪಾಲು 20 ರೂಪಾಯಿಯಿಂದ 50ಕ್ಕೂ ಮಾಲೀಕರ ಪಾಲು 40ರಿಂದ 100ಕ್ಕೂ ಏರಿತು. ವಂತಿಗೆ ಕಟ್ಟುವ ಕೊನೆಯ ದಿನ ಜನವರಿ 15. ನಾನು ಡಿಸೆಂಬರ್ ಸಂಬಳದಲ್ಲಿ ತಲಾ 20 ರೂಪಾಯಿ ಹಿಡಿದು, ನನ್ನ ಪಾಲು ಸೇರಿಸಿ, ಜನವರಿ ಮೊದಲ ವಾರದಲ್ಲೇ ಕಟ್ಟಿಬಿಟ್ಟಿದ್ದೆ. ಆಮೇಲೆ ದರ ಏರಿದ ಸುದ್ದಿ ಬಂತು. ಆ ಸಲಕ್ಕೆ ಹಳೆಯ ದರವೇ, ಹೊಸ ದರವೇ ಎಂದು ಮೂವರನ್ನು ಕೇಳಿದೆ. ಒಬ್ಬರು ಹಳೆಯದೇ ಸಾಕು ಎಂದರು, ಇನ್ನೊಬ್ಬರು ವ್ಯತ್ಯಾಸ ಕಟ್ಟಿಬಿಡಿ ಎಂದರು, ಕಚೇರಿಯಲ್ಲಿದ್ದ ಮೂರನೆಯವರು ‘ಆನ್‌ಲೈನ್‌ನಲ್ಲಿ ಹಾಕಿದ್ದೇವೆ ನೋಡಿಕೊಳ್ಳಿ’ ಎಂದರು. ಆಗಿದ್ದ 54 ಜನರಿಗೆ ತಲಾ 90 ರೂಪಾಯಿಯಂತೆ 4,860 ರೂಪಾಯಿ ವ್ಯತ್ಯಾಸ. ಮೊತ್ತ ದೊಡ್ಡದಲ್ಲ. ಆದರೆ ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದ ಇಬ್ಬರ ಪಾಲಿನ ತಲಾ 30 ರೂಪಾಯಿಯನ್ನು ಅವರ ಊರಿಗೆ ಹೋಗಿ ವಸೂಲು ಮಾಡಬೇಕಿತ್ತೇ ಎಂಬುದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ.

ಏಪ್ರಿಲ್ ಬಂದರೆ ತುಟ್ಟಿಭತ್ಯೆ ಬದಲಾಗುತ್ತದೆ. 2025ರ ಏಪ್ರಿಲ್‌ನಿಂದ ವೃತ್ತಿ ತೆರಿಗೆಯೂ ಬದಲಾಗಿ, ಹನ್ನೊಂದು ತಿಂಗಳು 200 ರೂಪಾಯಿ, ಫೆಬ್ರವರಿಗೆ ಮಾತ್ರ 300 ರೂಪಾಯಿ ಎಂದಾಯಿತು. ವೃತ್ತಿ ತೆರಿಗೆ ತಮ್ಮ ಇಲಾಖೆಗೆ ಸೇರಿದ್ದಲ್ಲ, ವಾಣಿಜ್ಯ ತೆರಿಗೆಯವರದ್ದು ಎಂಬುದು ನನಗೆ ಗೊತ್ತು. ಪಿಎಫ್, ಇಎಸ್‌ಐ ಕೇಂದ್ರದವರದ್ದು, ಕಾರ್ಖಾನೆ ಪರವಾನಗಿ ತಮ್ಮದೇ ಅಡಿಯ ಇನ್ನೊಂದು ಇಲಾಖೆಯದ್ದು ಎಂಬುದೂ ಗೊತ್ತು. ಇಲಾಖೆಗಳು ಬೇರೆ ಬೇರೆ ಇರಬಹುದು, ಆದರೆ ಇವೆಲ್ಲವೂ ಬಂದು ಬೀಳುವುದು ಇದೇ ಒಂದು ಮೇಜಿನ ಮೇಲೆ.

ಇದೆಲ್ಲವನ್ನೂ ನುಂಗಿಕೊಂಡೇ ಇದ್ದೆ. ಬರೆಯಲೇಬೇಕು ಎನ್ನಿಸಿದ್ದು 2025ರ ಡಿಸೆಂಬರ್ 9ರ ಮಂಗಳವಾರ.

ತಿಂಗಳಿಗೊಂದು ಋತುಚಕ್ರ ರಜೆಯ ಆದೇಶ ನವೆಂಬರ್‌ನಲ್ಲಿ ಬಂದಿತ್ತು: 18ರಿಂದ 52 ವರ್ಷದೊಳಗಿನ ಮಹಿಳೆಯರಿಗೆ, ವೇತನ ಸಹಿತ, ವರ್ಷಕ್ಕೆ 12 ದಿನ, ವೈದ್ಯರ ಚೀಟಿ ಬೇಡ, ಒಂದು ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಕೂಡಿಡುವಂತಿಲ್ಲ. ಇಡೀ ದಿನ ಯಂತ್ರದ ಮುಂದೆ ಬಗ್ಗಿ ಕೂರುವ ಹೆಂಗಸರ ಸೊಂಟದ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಹತ್ತು ವರ್ಷ ಇನ್ನೊಬ್ಬರ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಹೀಗಾಗಿ ನವೆಂಬರ್ ಕೊನೆಯ ವಾರ ನಾನೇ ಒಂದು ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಹಾಜರಿ ಪುಸ್ತಕದ ಮೇಲಿನ ಗೋಡೆಗೆ ಅಂಟಿಸಿದೆ. ಎಲ್ಲರೂ ಓದಿದರು, ಆದರೆ ಸಂಕೋಚದಿಂದ ಒಬ್ಬರೂ ಕೇಳಲಿಲ್ಲ.

ಡಿಸೆಂಬರ್ 9ರ ಮಧ್ಯಾಹ್ನ ಕನ್ಸಲ್ಟೆಂಟ್ ಫೋನು ಮಾಡಿ, ‘ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿದೆ ಮೇಡಂ, ಹಾಳೆ ತೆಗೆದುಬಿಡಿ’ ಎಂದರು. ತೆಗೆದೆ. ಅದಾಗಿ ಒಂದು ಗಂಟೆಯೂ ಆಗಿರಲಿಲ್ಲ, ಓವರ್‌ಲಾಕ್ ಯಂತ್ರದ ಹುಡುಗಿ ನನ್ನ ಮೇಜಿನ ಬಳಿ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ‘ಅಕ್ಕಾ, ನಾಳೆ ಆ ರಜೆ ತಗೊಳ್ಳಲಾ?’ ಎಂದು ಕೇಳಿದಳು. ಆರು ವರ್ಷಗಳಲ್ಲಿ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ಆ ರಜೆ ಬೆಳಿಗ್ಗೆಯಿಂದ ಇಲ್ಲವಂತೆ ಎಂದು ಹೇಳಿದೆ. ಅವಳು ಗೋಡೆಯ ಮೇಲಿನ ಖಾಲಿ ಜಾಗವನ್ನೊಮ್ಮೆ ನೋಡಿ ಹೋಗಿ ಯಂತ್ರದ ಮುಂದೆ ಕುಳಿತಳು. ಸಂಜೆ ಮತ್ತೆ ಫೋನು ಬಂತು: ತಡೆಯನ್ನು ಅದೇ ದಿನ ಮಧ್ಯಾಹ್ನವೇ ನ್ಯಾಯಾಲಯ ಹಿಂಪಡೆದಿದೆ, ರಜೆ ಇದೆ. ಅಷ್ಟರಲ್ಲಿ ಅವಳ ಬಸ್ಸು ಹೋಗಿಯಾಗಿತ್ತು. ಕಸದ ಬುಟ್ಟಿಯಿಂದ ಹಾಳೆ ಹುಡುಕಿ ತೆಗೆದು, ಹರಿದ ಮೂಲೆಗೆ ಟೇಪು ಹಚ್ಚಿ ಮತ್ತೆ ಅಂಟಿಸಿದೆ. ಮಾರನೆಯ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಳು. ರಜೆ ಇದೆ, ಮನೆಗೆ ಹೋಗಮ್ಮ ಎಂದರೆ, ‘ಬೇಡ ಬಿಡಿ ಅಕ್ಕಾ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಇಲ್ಲ ಅಂದುಬಿಟ್ಟಾರು’ ಎಂದಳು.

ನ್ಯಾಯಾಲಯದ ಕಲಾಪದ ಬಗ್ಗೆ ನಾನು ಮಾತನಾಡುವವಳಲ್ಲ. ಅಲ್ಲಿ ನಡೆದದ್ದು ಸರ್ಕಾರಕ್ಕೆ ತಕ್ಷಣ ಗೊತ್ತಾಗಿರುತ್ತದೆ, ಸರ್ಕಾರದ ವಕೀಲರೇ ಅಲ್ಲಿದ್ದರು. ನಮ್ಮ ಹೆಸರು, ಮೊಬೈಲ್ ಸಂಖ್ಯೆ, ಇಮೇಲ್, ಎಷ್ಟು ಗಂಡಸರು, ಎಷ್ಟು ಹೆಂಗಸರು ಎಂಬ ವಿವರಗಳೆಲ್ಲ ತಮ್ಮ ಪೋರ್ಟಲ್‌ಗಳಲ್ಲಿ ಇವೆ. ಕರೆಂಟು ಲೈನಿನ ದುರಸ್ತಿ ಇದ್ದರೆ ಬೆಸ್ಕಾಂನಿಂದ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ. 49 ಹೆಂಗಸರ ರಜೆ ಹೋಯಿತು, ಬಂತು ಎಂಬ ವಿಷಯಕ್ಕೆ ಒಂದು ಸಾಲಿನ ಸಂದೇಶದ ಯೋಗ್ಯತೆ ಇಲ್ಲವೇ?

ಇನ್ನು ನಾಲ್ಕು ಕಾರ್ಮಿಕ ಸಂಹಿತೆಗಳ ವಿಷಯ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ 29 ಕಾರ್ಮಿಕ ಕಾನೂನುಗಳ ಬದಲು ನಾಲ್ಕು ಸಂಹಿತೆಗಳನ್ನು ಜಾರಿಗೆ ತಂದಿತು. ಎಲ್ಲ ಸರಳವಾಗುತ್ತದೆ ಎಂದರು, ನಂಬಿದೆ. ಆದರೆ ಜಾರಿಯ ದಿನ ನಮ್ಮ ರಾಜ್ಯದ ನಿಯಮಗಳು ಅಂತಿಮವಾಗಿರಲಿಲ್ಲ. ಅಲ್ಲಿಯವರೆಗೆ ಹಳೆಯ ನಿಯಮಗಳೇ ಮುಂದುವರಿಯುತ್ತವೆ ಎಂದರು, ಅಂದರೆ ಕಾನೂನು ಹೊಸದು, ನಮೂನೆ ಹಳೆಯದು. ಮೂಲ ವೇತನ ಮತ್ತು ತುಟ್ಟಿಭತ್ಯೆ ಒಟ್ಟು ಸಂಭಾವನೆಯ ಅರ್ಧಕ್ಕಿಂತ ಕಡಿಮೆಯಾದರೆ, ಪಿಎಫ್‌ನಂಥ ಕಡಿತಗಳಿಗೆ ಮಿತಿ ಮೀರಿದ ಭತ್ಯೆಗಳೂ ವೇತನವೆಂದೇ ಲೆಕ್ಕವಂತೆ. ನನ್ನ ಕಟಿಂಗ್ ಮಾಸ್ಟರ್ ಪೇಸ್ಲಿಪ್ ಹಿಡಿದುಕೊಂಡು ಬಂದು, ಕೈಗೆ ಬರುವುದು ಕಡಿಮೆಯಾಗುತ್ತದೆಯೇ ಎಂದು ಕೇಳಿದರು. ಹದಿನಾರು ವರ್ಷ ನನ್ನ ಜೊತೆ ದುಡಿದ ಮನುಷ್ಯನಿಗೆ ‘ನನಗೂ ಗೊತ್ತಿಲ್ಲ’ ಎಂದು ಹೇಳುವುದಕ್ಕಿಂತ ಅವಮಾನ ಬೇರೆ ಇಲ್ಲ.

ಫಲಕದ ಕಥೆಯನ್ನೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಯಾವ ಕಚೇರಿಯವರೆಂದು ಬರೆಯುವುದಿಲ್ಲ, ಕನಿಷ್ಠ ವೇತನ ಕಾಯ್ದೆಯ ಸಾರಾಂಶವನ್ನು ಎಲ್ಲರಿಗೂ ಕಾಣುವಂತೆ ಹಾಕಿಲ್ಲವೆಂದು ತರಾಟೆಗೆ ತೆಗೆದುಕೊಂಡು, ವಾರದೊಳಗೆ ಹಾಕದಿದ್ದರೆ ನೋಟಿಸ್ ಕೊಡುವುದಾಗಿ ಹೇಳಿಹೋದರು. 1,800 ರೂಪಾಯಿ ಕೊಟ್ಟು ಫ್ಲೆಕ್ಸ್ ಮಾಡಿಸಿ, ಮೂಲೆಗೊಂದರಂತೆ ನಾಲ್ಕು ಮೊಳೆ ಹೊಡೆಸಿದೆ. ಡಿಸೆಂಬರ್‌ನಲ್ಲಿ ಬಂದ ಇನ್ನೊಬ್ಬರು ಅದನ್ನು ನೋಡಿ ನಕ್ಕು, ‘ಈ ಕಾಯ್ದೆಯೇ ಈಗ ಇಲ್ಲವಲ್ಲ ಮೇಡಂ, ತೆಗೆಸಿ’ ಎಂದರು. ಅದರ ಬದಲು ಏನು ಹಾಕಬೇಕು ಎಂದು ಕೇಳಿದೆ. ‘ನಮಗೂ ಇನ್ನೂ ಬಂದಿಲ್ಲ’ ಎಂದರು. ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್ ಎಂಬ ಹೆಸರಿಗೆ ಫೆಸಿಲಿಟೇಟರ್ ಎಂಬ ಪದವನ್ನೂ ಜೋಡಿಸಿದ್ದಾರೆ, ಅಂದರೆ ದಾರಿ ಸುಗಮ ಮಾಡಿಕೊಡುವವರು. ದಾರಿ ಯಾವುದೆಂದು ಅವರಿಗೇ ತಿಳಿಸದೆ ಕಳುಹಿಸಿದರೆ ಅವರಾದರೂ ಏನು ಸುಗಮ ಮಾಡಿಯಾರು? ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಆ ನಗುವಿನ ಮೇಲೆ.

ಕಾನೂನು ಗೊತ್ತಿರಲಿಲ್ಲ ಎಂಬುದು ಕ್ಷಮೆಗೆ ಕಾರಣವಲ್ಲ ಎಂದು ಅಧಿಕಾರಿಗಳು ಆಗಾಗ ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ತಿಳಿಸಬೇಕಾದವರು ತಿಳಿಸದಿದ್ದರೆ ಅದಕ್ಕೆ ದಂಡ ಎಷ್ಟು ಎಂಬುದು ಯಾವ ಅಧಿಸೂಚನೆಯಲ್ಲೂ ನನಗೆ ಕಂಡಿಲ್ಲ. ರಾಜ್ಯಪತ್ರದಲ್ಲಿ ಪ್ರಕಟಿಸಿದ್ದೇವೆ ಎಂಬ ಉತ್ತರ ದಯವಿಟ್ಟು ಬೇಡ. ರಾತ್ರಿ ಹತ್ತಕ್ಕೆ ಮೊಬೈಲಿನ ಪುಟ್ಟ ಪರದೆಯಲ್ಲಿ ರಾಜ್ಯಪತ್ರದ ಸ್ಕ್ಯಾನ್ ಪ್ರತಿಯನ್ನು ಹಿಗ್ಗಿಸಿ ಹಿಗ್ಗಿಸಿ ಓದಿದ್ದೇನೆ. ‘ಇಂತಹ ಪ್ರಕರಣದ ಇಂತಹ ಉಪಪ್ರಕರಣದಲ್ಲಿ ಇಂತಹ ಪದದ ಬದಲಿಗೆ ಇಂತಹ ಪದವನ್ನು ಪ್ರತಿಷ್ಠಾಪಿಸತಕ್ಕದ್ದು’ ಎಂದಿರುತ್ತದೆ. ಅದು ಕನ್ನಡವೇ ಹೌದು, ಆದರೆ ಅದನ್ನು ಓದಿ ನಾಳೆ ಬೆಳಿಗ್ಗೆ ಸಂಬಳದ ಪಟ್ಟಿಯಲ್ಲಿ ಏನು ಬದಲಿಸಬೇಕೆಂದು ತಿಳಿಯುವವರು ತಮ್ಮ ಸಚಿವಾಲಯದಲ್ಲೂ ಹೆಚ್ಚು ಜನ ಇರಲಾರರು.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ. ಬದಲಾವಣೆಗಳೆಲ್ಲ ಒಂದೇ ಕಡೆ ಸಿಗಲಿ. ಆಡುವ ಕನ್ನಡದಲ್ಲಿ ಒಂದು ಪುಟ ಇರಲಿ: ಏನು ಬದಲಾಯಿತು, ಯಾರಿಗೆ ಅನ್ವಯ, ಎಷ್ಟು ಕಾರ್ಮಿಕರಿದ್ದರೆ ಅನ್ವಯ, ಯಾವ ದಿನದಿಂದ, ಯಾವ ನಮೂನೆಯಲ್ಲಿ. ನೋಂದಾಯಿಸಿದ ಮೊಬೈಲಿಗೆ ಅದರ ಸಂದೇಶ ಬರಲಿ. ತಿಳಿಸಿದ ದಿನದಿಂದ ಕನಿಷ್ಠ ಒಂದು ತಿಂಗಳು ಕಾಲಾವಕಾಶ ಇರಲಿ, ಆ ತಿಂಗಳು ತಪಾಸಣೆಗೆ ಬರುವವರು ತಿಳಿಹೇಳಿ ಹೋಗಲಿ. ಸಂಹಿತೆಗಳಡಿ ರಾಜ್ಯದ ನಿಯಮಗಳ ವಿಷಯದಲ್ಲಿ ಇದು ಮೊದಲು ಆಗಲಿ.

ಕಾರ್ಮಿಕ ಭವನಕ್ಕೆ ಬಂದು ಮನವಿ ಕೊಡಿ ಎಂದು ದಯವಿಟ್ಟು ಹೇಳಬೇಡಿ. ಬೆಂಗಳೂರಿಗೆ ಬಂದುಹೋಗುವುದೆಂದರೆ ನನಗೆ ಒಂದು ದಿನದ ಕೆಲಸ ಹೋದಂತೆ, ಶಾಲೆಗಳು ಜೂನ್‌ಗೆ ಸಮವಸ್ತ್ರ ಕೇಳುತ್ತವೆ, ಈಗಲೇ ಬಟ್ಟೆ ಕತ್ತರಿಸಬೇಕು.

ಗೋಡೆಯ ಮೇಲಿನ ಫ್ಲೆಕ್ಸ್ ತೆಗೆಸಿದ್ದೇನೆ, ನಾಲ್ಕು ಮೊಳೆಗಳು ಹಾಗೆಯೇ ಇವೆ. ಅಲ್ಲಿ ಏನು ತೂಗುಹಾಕಬೇಕು, ಯಾವ ದಿನದಿಂದ ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಹೊಲಿಗೆ ಘಟಕವೊಂದರ ಮಾಲೀಕಳು,
ತುಮಕೂರು