ಹೊಸ ಮೋಟಾರ್ ಹಾಕಿದ್ದೀರಿ ಅಂತ ಬಿಲ್ ಇದೆ, ಗಾಜಿಗೆ ನೀರಿಲ್ಲ

ಗೆ,
ಮ್ಯಾನೇಜರ್,
ಕಾರು ಸರ್ವಿಸ್ ಸೆಂಟರ್, ಬಳ್ಳಾರಿ

ವಿಷಯ: ಮುಂಗಾಜಿನ ವಾಷರ್ ರಿಪೇರಿ ಮಾಡದೆ ಹಣ ಪಡೆದ ಬಗ್ಗೆ ದೂರು

ಮಾನ್ಯರೇ,

ನನ್ನ ಕಾರಿನ ಮುಂಗಾಜಿಗೆ ನೀರು ಚಿಮ್ಮುತ್ತಿಲ್ಲ ಎಂದು ನಿಮ್ಮಲ್ಲಿ ಗಾಡಿ ಬಿಟ್ಟಿದ್ದೆ. ಸಂಜೆ ಬಿಲ್ ಕೊಟ್ಟರು. ಹೊಸ ವಾಷರ್ ಮೋಟಾರಿನ ಬೆಲೆ ಒಂದು, ಕೂಲಿ ಬೇರೆ. ದುಡ್ಡು ಕಟ್ಟಿ ಹೊರಗೆ ಬಂದು ಸ್ಟೀರಿಂಗ್ ಪಕ್ಕದ ವಾಷರ್ ಲಿವರ್ ಎಳೆದರೆ ಮತ್ತೆ ಅದೇ ಕಥೆ. ಗುಂಯ್ ಎಂಬ ಸದ್ದು, ನೀರಿಲ್ಲ. ಒಳಗೆ ಹೋಗಿ ಕೇಳಿದ್ದಕ್ಕೆ, "ಪೈಪಲ್ಲಿ ಗಾಳಿ ಹಿಡಿದಿರುತ್ತೆ ಸರ್, ಓಡಿಸ್ತಾ ಸರಿಹೋಗುತ್ತೆ" ಎಂದು ಕಳಿಸಿದರು. ಸರಿಹೋಗಲಿಲ್ಲ.

ಗಾಡಿ ಬಿಡುವಾಗಲೇ ನಿಮ್ಮವರು ರಿಪೇರಿ ವಿವರ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ: ಮೋಟಾರ್ ಸದ್ದು ಮಾಡುತ್ತೆ, ನೀರು ಬರಲ್ಲ. ಸದ್ದು ಬರುತ್ತಿದೆ ಅಂದರೆ ಫ್ಯೂಸ್ ಸುಟ್ಟಿಲ್ಲ, ಸ್ವಿಚ್ ಕೆಟ್ಟಿಲ್ಲ, ಮೋಟಾರಿಗೆ ಕರೆಂಟ್ ಹೋಗುತ್ತಿದೆ. ಆಗ ಮೊದಲು ನೋಡಬೇಕಾದ್ದು ನೀರು ಹೋಗುವ ದಾರಿ ಅಲ್ವಾ? ಬಾನೆಟ್ ಎತ್ತಿ, ಗಾಜಿಗೆ ನೀರು ಚಿಮ್ಮುವ ನಾಝಲ್ ಹತ್ತಿರ ಪೈಪ್ ಬಿಡಿಸಿ ಲಿವರ್ ಎಳೆಯಬೇಕು. ಪೈಪಿನಲ್ಲಿ ನೀರು ಜೋರಾಗಿ ಬಂದರೆ ನಾಝಲ್ ಕಟ್ಟಿದೆ. ಬರದಿದ್ದರೆ ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ಪೈಪ್ ಎಲ್ಲಾದರೂ ಕಳಚಿದೆಯಾ, ಮಡಚಿದೆಯಾ, ವಾಷರ್ ನೀರಿನ ಟ್ಯಾಂಕಿನ ಬುಡದಲ್ಲಿ ಮೋಟಾರ್ ಕೂರುವ ಜಾಗದ ಜಾಲರಿಗೆ ಕೆಸರು ಕಟ್ಟಿದೆಯಾ ಅಂತ. ಮೋಟಾರಿನ ಒಳಚಕ್ರ ಸವೆದರೂ ಬರೀ ಸದ್ದು ಬರಬಹುದು, ನಿಜ. ಆದರೆ ಅದನ್ನು ಇಷ್ಟೆಲ್ಲ ನೋಡಿದ ಮೇಲೆ ಹೇಳಬೇಕು.

ಕೊನೆಗೆ ನಮ್ಮ ಓಣಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮುಂದಿನ ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಟ್ಯಾಂಕಿನಿಂದ ಮೋಟಾರ್ ಎಳೆದರು. ಅದು ಕೂರುವ ರಬ್ಬರಿನಲ್ಲಿ ಸಣ್ಣ ಜಾಲರಿ ಇತ್ತು. ಅದರ ತುಂಬ ಅಂಟು ಅಂಟಾದ ಕೆಂಪು ಕೆಸರು. ಜಾಲರಿ ತೊಳೆದು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಳ್ಳೆ ನೀರು ಹಾಕಿದರು. ಅದೇ ಮೋಟಾರ್ ಗಾಜಿನ ಮೇಲಿನವರೆಗೂ ನೀರು ಹೊಡೆಯಿತು.

ಮೋಟಾರ್ ಬದಲಿಸಬೇಕಾದರೆ ಹಳೆಯದನ್ನು ಆ ರಬ್ಬರಿನಿಂದ ಕೀಳಲೇಬೇಕು. ಕಿತ್ತವರ ಕಣ್ಣಿಗೆ ಅಷ್ಟು ಕೆಸರು ಹೇಗೆ ಬೀಳಲಿಲ್ಲ? ಇನ್ನೊಂದು ಮಾತು. ಈಗ ಗಾಡಿಯಲ್ಲಿರುವ ಮೋಟಾರಿನ ಮೈಮೇಲೂ ಒಣಗಿ ಗಟ್ಟಿಯಾದ ಧೂಳಿದೆ, ವೈರಿನ ಕ್ಲಿಪ್ ಬಣ್ಣಗೆಟ್ಟಿದೆ. ಮೊನ್ನೆ ಹಾಕಿದ ಸಾಮಾನು ಹೀಗಿರಲ್ಲ. ಫೋಟೋ ಲಗತ್ತಿಸಿದ್ದೇನೆ. ಬದಲಿಸಿದ್ದು ನಿಜವಾದರೆ ಹಳೆ ಮೋಟಾರ್ ತೋರಿಸಿ. ಅವತ್ತೇ ಕೇಳಿದ್ದೆ, "ಸ್ಕ್ರ್ಯಾಪಿಗೆ ಹೋಯ್ತು" ಎಂದರು.

ಇದನ್ನು ಸಣ್ಣ ರಿಪೇರಿ ಅಂದುಕೊಳ್ಳಬೇಡಿ. ನಾನು ಕೆಲಸಕ್ಕೆ ತೋರಣಗಲ್ಲು, ಸಂಡೂರು ಕಡೆ ಓಡಾಡುವವನು. ಅದಿರು ಲಾರಿ ಮುಂದೆ ಹೋದರೆ ಗಾಜಿನ ಮೇಲೆ ಕೆಂಪು ಧೂಳು ಕೂರುತ್ತೆ. ನೀರಿಲ್ಲದೆ ವೈಪರ್ ಹಾಕಿದರೆ ಧೂಳು ಉಜ್ಜಿ ಗಾಜಿಗೆ ಗೀರು ಬೀಳುತ್ತೆ. ನಿಮ್ಮ ರಿಪೇರಿ ಆದ ಮೇಲೆ ಒಂದು ಸಂಜೆ ತುಂತುರು ಮಳೆ ಬಂತು. ಧೂಳು ರಾಡಿಯಾಗಿ ಗಾಜಿಗೆ ಮೆತ್ತಿಕೊಂಡಿತು. ಎದುರು ಲಾರಿಯ ಲೈಟ್ ಬಿದ್ದಾಗ ರಸ್ತೆಯ ಅಂಚೇ ಕಾಣಲಿಲ್ಲ. ಹಿಂದೆ ಅಮ್ಮ ಕೂತಿದ್ದರು. ಗಾಡಿ ಪಕ್ಕಕ್ಕೆ ಹಾಕಿ, ಕುಡಿಯುವ ನೀರು ಸುರಿದು ಗಾಜು ಒರೆಸಿಕೊಂಡು ಊರು ಸೇರಿದೆವು.

ಸರ್ವಿಸ್ ವೇಳೆ ನಿಮ್ಮವರು ಆ ಟ್ಯಾಂಕಿಗೆ ನೇರವಾಗಿ ಬೋರ್ ನೀರು ಹಾಕುವುದನ್ನು ನೋಡಿದ್ದೇನೆ. ಗಡಸು ನೀರು ನಾಝಲಿನ ಸಣ್ಣ ತೂತಿಗೆ ಬಿಳಿ ಪೊರೆ ಕಟ್ಟಿಸುತ್ತೆ. ದಯವಿಟ್ಟು ಅದನ್ನು ನಿಲ್ಲಿಸಿ. ಫಿಲ್ಟರ್ ನೀರು ಅಥವಾ ವಾಷರ್ ದ್ರವ ಹಾಕಿಸಿ. ನನ್ನೊಬ್ಬನಿಗಲ್ಲ, ಈ ರಸ್ತೆಗಳಲ್ಲಿ ಓಡುವ ಎಲ್ಲರಿಗೂ ಇದು ಬೇಕು.

ಮೋಟಾರಿನ ಬೆಲೆ ಮತ್ತು ಕೂಲಿ ಎರಡನ್ನೂ ವಾಪಸ್ ಕೊಡಿ. ಯಾವ ಪರೀಕ್ಷೆ ಮಾಡಿ ಮೋಟಾರ್ ಕೆಟ್ಟಿದೆ ಎಂದು ತೀರ್ಮಾನಿಸಿದಿರಿ, ಹಳೆಯದು ಎಲ್ಲಿದೆ, ಬರವಣಿಗೆಯಲ್ಲಿ ತಿಳಿಸಿ. 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಬಿಲ್, ಜಾಬ್ ಕಾರ್ಡ್, ಫೋಟೋಗಳ ಪ್ರತಿ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ
ಬಳ್ಳಾರಿ